ಕೊಟ್ಟ ಅಕ್ಷರಗಳೆಲ್ಲ ಇರುವ ಉದ್ದನೆಯ ಇಂಗ್ಲಿಷ್ ಪದಗಳನ್ನು ಹುಡುಕುವುದು ಹೇಗೆ?

ಹಲಗೆಬರಹ ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಕನ್ನಡ ಮಾಧ್ಯಮದ ಪ್ರೌಢಶಾಲೆಯೊಂದರಲ್ಲಿ ಒಂಬತ್ತು ಮತ್ತು ಹತ್ತನೆಯ ತರಗತಿಗಳಿಗೆ ಇಂಗ್ಲಿಷ್ ಪಾಠ ಮಾಡುತ್ತೇನೆ. ವಾರದ ಮೊದಲಲ್ಲಿ ಹಲಗೆಯ ಒಂದು ಮೂಲೆಯಲ್ಲಿ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಬರೆದಿಡುತ್ತೇನೆ. ಆ ನಾಲ್ಕೂ ಅಕ್ಷರಗಳು ಯಾವ ಕ್ರಮದಲ್ಲಾದರೂ ಸರಿ, ಸೇರಿಕೊಂಡಿರುವ ಆದಷ್ಟು ಉದ್ದನೆಯ ಪದವನ್ನು ಮಕ್ಕಳು ಶನಿವಾರದೊಳಗೆ ಹುಡುಕಿ ತರಬೇಕು. ಬೇರೆ ಅಕ್ಷರಗಳು ಎಷ್ಟು ಬಂದರೂ ಅಡ್ಡಿಯಿಲ್ಲ. ಈ ಸಲ ಕೊಟ್ಟಿರುವುದು ಎಚ್, ವೈ, ಪಿ ಮತ್ತು ಟಿ. ಗಣಿತದ ಪುಸ್ತಕದಿಂದ ಹತ್ತು ಅಕ್ಷರಗಳ ಹೈಪಾಟೆನ್ಯೂಸ್, ವಿಜ್ಞಾನದ ಪುಸ್ತಕದಿಂದ ಹದಿನಾಲ್ಕು ಅಕ್ಷರಗಳ ಫೋಟೋಸಿಂಥೆಸಿಸ್ ಈಗಾಗಲೇ ಬಂದಿವೆ. ಅಲ್ಲಿಂದ ಮುಂದೆ ಮಕ್ಕಳು ನಿಘಂಟಿನ ಪುಟಗಳನ್ನು ಒಂದೊಂದಾಗಿ ತಿರುವುತ್ತ ಕುಳಿತಿದ್ದಾರೆ, ಮತ್ತು ಆ ಶ್ರಮಕ್ಕೆ ತಕ್ಕ ಫಲ ಸಿಗುತ್ತಿಲ್ಲ.

ನಾನು ತಿಳಿಯಬಯಸುವುದು ಮುಖ್ಯವಾಗಿ ಹುಡುಕುವ ವಿಧಾನವನ್ನು. ಗಣಕವಿಲ್ಲದೆ, ಕೇವಲ ಕಾಗದ ಮತ್ತು ಪೆನ್ಸಿಲ್ ಹಿಡಿದು ಇಂಥ ಪದಗಳನ್ನು ಯೋಚಿಸಿ ತಲುಪುವ ದಾರಿ ಇದೆಯೇ? ನಮ್ಮ ಪ್ರಯೋಗಾಲಯದ ಗಣಕಗಳಲ್ಲಿ ಉಬುಂಟು ಎಂಬ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆ ಇದೆ, ಆದರೆ ಅಂತರಜಾಲವಿಲ್ಲ. ಅವುಗಳಲ್ಲಿಯೇ ಹುಡುಕಲು ಸಾಧ್ಯವೇ? ಇದರ ಜೊತೆಗೆ ಇನ್ನೊಂದು ವಿಷಯ ನನ್ನನ್ನು ಕಾಡುತ್ತಿದೆ. ಮನೆಯಲ್ಲಿ ನೋಡಿದ ಪದಶೋಧಕ ತಾಣವೊಂದು ಯಾವ ಅಕ್ಷರಗಳನ್ನು ಕೊಟ್ಟರೂ ಹದಿನೈದಕ್ಕಿಂತ ಉದ್ದದ ಪದವನ್ನು ತೋರಿಸುವುದೇ ಇಲ್ಲ. ಇಂಗ್ಲಿಷಿನಲ್ಲಿ ಅದಕ್ಕಿಂತ ಉದ್ದದ ಪದಗಳು ಇವೆಯೆಂದು ಎಲ್ಲರಿಗೂ ಗೊತ್ತಿರುವಾಗ ಹೀಗೇಕೆ?

ನಿಘಂಟುಪ್ರೀತಿ ಬರೆದ ಉತ್ತರ

ಕಾಗದ ಮತ್ತು ಪೆನ್ಸಿಲಿನ ದಾರಿಯ ಬಗ್ಗೆ ನಾನು ಬರೆಯುತ್ತೇನೆ, ಏಕೆಂದರೆ ತರಗತಿಗೆ ಅದೇ ಹೆಚ್ಚು ಉಪಯುಕ್ತವೆಂಬುದು ನನ್ನ ದೃಢವಾದ ಅಭಿಪ್ರಾಯ. ಮೊದಲು ಮಕ್ಕಳಿಗೆ ಹೇಳಬೇಕಾದದ್ದು ಇಷ್ಟು: ಅಕ್ಷರಗಳಿಂದ ನೇರವಾಗಿ ಪದಕ್ಕೆ ಹಾರಬಾರದು, ಅಕ್ಷರಗಳಿಂದ ಪದದ ತುಂಡುಗಳಿಗೆ, ತುಂಡುಗಳಿಂದ ಪದಕ್ಕೆ ಹೋಗಬೇಕು. ಇಂಗ್ಲಿಷಿನ ಉದ್ದನೆಯ ಪದಗಳಲ್ಲಿ ಬಹುಪಾಲು ನಮ್ಮ ಸಂಸ್ಕೃತ ಸಮಾಸಗಳಂತೆ ಬಿಡಿಸಿ ನೋಡಬಹುದಾದ ರಚನೆಗಳು, ಮತ್ತು ಆ ಬಿಡಿಭಾಗಗಳ ಸಂಖ್ಯೆ ಪದಗಳ ಸಂಖ್ಯೆಗಿಂತ ಬಹಳ ಕಡಿಮೆ.

ನೀವು ಕೊಟ್ಟಿರುವ ನಾಲ್ಕು ಅಕ್ಷರಗಳನ್ನೇ ನೋಡೋಣ. ಎಚ್, ವೈ, ಪಿ, ಟಿ ಒಟ್ಟಿಗೆ ಬಂದರೆ ಆ ಪದದ ಮೂಲ ಗ್ರೀಕ್ ಆಗಿರುವ ಸಾಧ್ಯತೆ ತುಂಬಾ ಹೆಚ್ಚು, ಅದಕ್ಕೆ ಕಾರಣವೂ ಇದೆ. ಪ್ರಾಚೀನ ಗ್ರೀಕಿನ ಫೈ, ಥೀಟಾ, ಖೈ ಎಂಬ ಮೂರು ಅಕ್ಷರಗಳು ಆ ಕಾಲದಲ್ಲಿ ಮಹಾಪ್ರಾಣಗಳಾಗಿದ್ದವು. ಕನ್ನಡದ ಫ, ಥ, ಖ ಹೇಗೋ ಹಾಗೆಯೇ ಅವುಗಳ ಉಚ್ಚಾರಣೆ ಇತ್ತು. ಲ್ಯಾಟಿನ್ ಲಿಪಿಯಲ್ಲಿ ಮಹಾಪ್ರಾಣಕ್ಕೆ ಪ್ರತ್ಯೇಕ ಅಕ್ಷರವಿರಲಿಲ್ಲವಾದ್ದರಿಂದ ರೋಮನ್ನರು ಪಿ, ಟಿ, ಸಿ ಅಕ್ಷರಗಳ ಮುಂದೆ ಎಚ್ ಸೇರಿಸಿ ಬರೆದರು. ಗ್ರೀಕಿನ ಉಪ್ಸಿಲಾನ್ ಸ್ವರವನ್ನು ಬರೆಯಲು ವೈ ಅಕ್ಷರವನ್ನು ಕ್ರಿಸ್ತಪೂರ್ವ 1ನೇ ಶತಮಾನದಲ್ಲಿ ಗ್ರೀಕರಿಂದಲೇ ಪಡೆದರು. ಹೀಗಾಗಿ ಇಂಗ್ಲಿಷ್ ಪದವೊಂದರ ನಡುವೆ ಪಿ-ಎಚ್ ಅಥವಾ ಟಿ-ಎಚ್ ಜೋಡಿಯೂ, ವ್ಯಂಜನಗಳ ಮಧ್ಯೆ ಸ್ವರವಾಗಿ ನಿಂತ ವೈ ಅಕ್ಷರವೂ ಕಂಡರೆ ಅದು ಬಹುತೇಕ ಗ್ರೀಕ್ ಮೂಲದ ಗುರುತು. ಕನ್ನಡ ಓದುವ ಮಕ್ಕಳಿಗೆ ಇದನ್ನು ವಿವರಿಸುವುದು ಸುಲಭ. ಅಲ್ಪಪ್ರಾಣ, ಮಹಾಪ್ರಾಣಗಳ ವ್ಯತ್ಯಾಸವನ್ನು ಅವರು ಎರಡನೆಯ ತರಗತಿಯ ಹೊತ್ತಿಗೇ ಬಲ್ಲರು.

ಈಗ ಆ ನಾಲ್ಕು ಅಕ್ಷರಗಳಲ್ಲಿ ಹಲವನ್ನು ಒಮ್ಮೆಗೇ ತರುವ ತುಂಡುಗಳನ್ನು ಬರೆದುಕೊಳ್ಳಲಿ. ಹೈಪೋ ಮತ್ತು ಹೈಪರ್ ಎಂಬ ಉಪಸರ್ಗಗಳಲ್ಲಿ ಎಚ್, ವೈ, ಪಿ ಮೂರೂ ಇವೆ, ಉಳಿಯುವುದು ಟಿ ಮಾತ್ರ. ಸಸ್ಯವನ್ನು ಸೂಚಿಸುವ ಫೈಟೋ ಎಂಬ ತುಂಡಿನಲ್ಲಿ ನಾಲ್ಕೂ ಇವೆ, ಆದ್ದರಿಂದ ಅದರ ಮುಂದೆ ಏನು ಬಂದರೂ ನಡೆಯುತ್ತದೆ. ವಿಜ್ಞಾನ ತರಗತಿಯ ಫೈಟೋಹಾರ್ಮೋನ್ ಹಾಗೆ ಸಿಗುತ್ತದೆ. ನೋವು ಅಥವಾ ಅನುಭೂತಿಯನ್ನು ಹೇಳುವ ಪಥಿ ಎಂಬ ಕೊನೆಯ ಭಾಗದಲ್ಲಿಯೂ ನಾಲ್ಕೂ ಇವೆ. ಫಿಸಿಯೋ ಮತ್ತು ಸೈಕೋ ಎಂಬಲ್ಲಿ ಪಿ, ಎಚ್, ವೈ ಇವೆ. ಅವೆರಡಕ್ಕೂ ಥೆರಪಿಸ್ಟ್ ಸೇರಿಸಿದರೆ ಹದಿನೈದು ಹದಿನೈದು ಅಕ್ಷರಗಳ ಫಿಸಿಯೋಥೆರಪಿಸ್ಟ್ ಮತ್ತು ಸೈಕೋಥೆರಪಿಸ್ಟ್ ಆಗುತ್ತವೆ.

ಇಲ್ಲಿ ನಮ್ಮ ಮಕ್ಕಳಿಗೆ ಎದುರಾಗುವ ತೊಡಕೊಂದನ್ನು ಗಮನಿಸಬೇಕು. ಅವರು ಪದವನ್ನು ಕಿವಿಯಿಂದ ಹುಡುಕುತ್ತಾರೆ. ಸಿಂಪಥಿ ಎಂದು ಕೇಳಿದಾಗ ಅದರಲ್ಲಿ ಎರಡು ವೈ ಇವೆಯೆಂದು ಕಿವಿ ಹೇಳುವುದಿಲ್ಲ, ಸೈಕಾಲಜಿ ಎಂದಾಗ ಮೊದಲ ಅಕ್ಷರ ಪಿ ಎಂದೂ ಹೇಳುವುದಿಲ್ಲ. ಪದದ ನಡುವಿನ ವೈ ನಮಗೆ ಇ ಅಥವಾ ಐ ಎಂದು ಕೇಳಿಸುವುದರಿಂದ ಮಕ್ಕಳು ಅದನ್ನು ಐ ಅಕ್ಷರವೆಂದು ಭಾವಿಸಿ ಪದವನ್ನೇ ಬಿಟ್ಟುಬಿಡುತ್ತಾರೆ. ಇ ಅಥವಾ ಐ ಧ್ವನಿ ಇರುವ ಪ್ರತಿ ಶಾಸ್ತ್ರೀಯ ಪದದ ಕಾಗುಣಿತವನ್ನೂ ಒಮ್ಮೆ ಬರೆದು ನೋಡುವ ಅಭ್ಯಾಸ ಮಾಡಿಸಿದರೆ ಫಲ ತಕ್ಷಣ ಕಾಣುತ್ತದೆ.

ಕೊನೆಯದಾಗಿ, ಪದವನ್ನು ಹಿಗ್ಗಿಸುವ ಕ್ರಮ. ವೈ ಅಕ್ಷರವು ಕ್ರಿಯಾವಿಶೇಷಣದ ಪ್ರತ್ಯಯದಲ್ಲಿ ತಾನಾಗಿಯೇ ದೊರೆಯುವುದರಿಂದ, ಎಚ್, ಪಿ, ಟಿ ಇರುವ ವಿಶೇಷಣವೊಂದು ಸಿಕ್ಕರೆ ಸಾಕು. ಫೋಟೋಗ್ರಾಫಿಕ್ ಎಂಬುದು ಫೋಟೋಗ್ರಾಫಿಕಲಿ ಆದಾಗ ಹದಿನಾರು ಅಕ್ಷರ. ಫಿಲಾಂತ್ರಾಪಿಕಲಿ ಮತ್ತು ಆಂಥ್ರೊಪಲಾಜಿಕಲಿ ಎರಡೂ ಹದಿನೇಳು. ಫೈಟೋಜಿಯಾಗ್ರಫಿಕಲಿ ಹತ್ತೊಂಬತ್ತು, ಸೈಕೋಥೆರಪ್ಯೂಟಿಕಲಿ ಇಪ್ಪತ್ತೊಂದು. ಮಿದುಳಿನ ವಿದ್ಯುತ್ ಚಟುವಟಿಕೆಯ ದಾಖಲೆಗೆ ಸಂಬಂಧಿಸಿದ ಎಲೆಕ್ಟ್ರೋಎನ್ಸೆಫಲೋಗ್ರಾಫಿಕಲಿ ಇಪ್ಪತ್ತೇಳು ಅಕ್ಷರಗಳದು. ಹತ್ತನೆಯ ತರಗತಿಯ ವಿದ್ಯಾರ್ಥಿಗೆ ಇದನ್ನು ನೆನಪಿಟ್ಟುಕೊಳ್ಳುವ ಅಗತ್ಯವಿಲ್ಲ. ಎಲೆಕ್ಟ್ರೋ, ಎನ್ಸೆಫಲೋ, ಗ್ರಾಫ್ ಎಂಬ ಮೂರು ತುಂಡುಗಳನ್ನು ಬಲ್ಲವನು ಅದನ್ನು ತಾನೇ ಕಟ್ಟಬಲ್ಲ.

ಪೈಪು_ಗೆರೆ ಬರೆದ ಉತ್ತರ

ತಾಣವು ಹದಿನೈದಕ್ಕೆ ನಿಲ್ಲುವುದಕ್ಕೆ ಕಾರಣ ಬಹುಮಟ್ಟಿಗೆ ಸ್ಕ್ರ್ಯಾಬಲ್ ಆಟ. ಆಲ್ಫ್ರೆಡ್ ಬಟ್ಸ್ ಎಂಬ ಅಮೆರಿಕದ ವಾಸ್ತುಶಿಲ್ಪಿ 1930ರ ದಶಕದಲ್ಲಿ ರೂಪಿಸಿದ, 1948ರಿಂದ ಸ್ಕ್ರ್ಯಾಬಲ್ ಎಂಬ ಹೆಸರು ಪಡೆದ ಆ ಆಟದ ಹಲಗೆಯಲ್ಲಿ ಒಂದು ಸಾಲಿಗೆ 15 ಮನೆಗಳು ಮಾತ್ರ ಇವೆ. ಅದಕ್ಕಿಂತ ಉದ್ದದ ಪದವನ್ನು ಅಲ್ಲಿ ಇಡಲಾಗದ ಕಾರಣ ಆಟದ ಅಧಿಕೃತ ಪದಪಟ್ಟಿಗಳು 2ರಿಂದ 15 ಅಕ್ಷರಗಳವರೆಗಿನ ಪದಗಳನ್ನಷ್ಟೇ ಒಳಗೊಂಡಿರುತ್ತವೆ. ಅನೇಕ ಪದಶೋಧಕ ತಾಣಗಳು ಈ ಪಟ್ಟಿಗಳನ್ನೇ ಆಧರಿಸಿವೆ. ಆದ್ದರಿಂದ ಹದಿನಾರು ಅಕ್ಷರಗಳ ಹೈಪರ್‌ಸೆನ್ಸಿಟಿವಿಟಿ ಎಂಬ ಸಾಮಾನ್ಯ ವೈದ್ಯಕೀಯ ಪದವೂ ಅಲ್ಲಿ ಸಿಗುವುದಿಲ್ಲ. ಉದ್ದನೆಯ ಪದ ಬೇಕಾದವರು ಪಟ್ಟಿಯನ್ನೇ ಬದಲಿಸಬೇಕು.

ನಿಮ್ಮ ಉಬುಂಟು ಗಣಕದಲ್ಲಿಯೇ ಪಟ್ಟಿಯೊಂದು ಇರುವ ಸಾಧ್ಯತೆ ಇದೆ. ಮೂಲ ಕೋಶದಲ್ಲಿರುವ ಯುಎಸ್ಆರ್, ಅದರೊಳಗಿನ ಶೇರ್, ಅದರೊಳಗಿನ ಡಿಕ್ಟ್ ಎಂಬ ಕೋಶವನ್ನು ತೆರೆದು ವರ್ಡ್ಸ್ ಎಂಬ ಕಡತವಿದೆಯೇ ನೋಡಿ. ಸಾಲಿಗೊಂದು ಪದದಂತೆ ಸುಮಾರು ಒಂದು ಲಕ್ಷ ಪದಗಳಿರುವ ಸರಳ ಪಠ್ಯಕಡತ ಅದು. ಹುಡುಕಲು ಗ್ರೆಪ್ ಎಂಬ ಉಪಕರಣ ಸಾಕು. ಕೆನ್ ಥಾಂಪ್ಸನ್ ಅವರು 1970ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಯೂನಿಕ್ಸ್‌ಗಾಗಿ ಬರೆದದ್ದು ಇಂದಿಗೂ ಪ್ರತಿ ಲಿನಕ್ಸ್ ಗಣಕದಲ್ಲಿದೆ. ಎಚ್, ವೈ, ಪಿ, ಟಿ ಯಾವ ಕ್ರಮದಲ್ಲಾದರೂ ಇರಬಹುದು ಎಂಬುದನ್ನು ಒಂದೇ ವಿನ್ಯಾಸಸೂತ್ರದಲ್ಲಿ ಹೇಳಲು ಹೋದರೆ ಅದು ಕಷ್ಟವಾಗುತ್ತದೆ, ಏಕೆಂದರೆ ನಾಲ್ಕು ಅಕ್ಷರಗಳಿಗೆ 24 ಕ್ರಮಗಳಿವೆ. ಅದರ ಬದಲು ನಾಲ್ಕು ಗ್ರೆಪ್‌ಗಳನ್ನು ಸಾಲಾಗಿ ಜೋಡಿಸಿ: ಮೊದಲನೆಯದು ಎಚ್ ಇರುವ ಸಾಲುಗಳನ್ನು ಆರಿಸಿ ಪೈಪ್ ಎಂಬ ನೆಟ್ಟಗೆರೆಯ ಚಿಹ್ನೆಯ ಮೂಲಕ ಎರಡನೆಯದಕ್ಕೆ ಕೊಡುತ್ತದೆ, ಅದು ವೈ ಇರುವವನ್ನು ಉಳಿಸಿಕೊಂಡು ಮೂರನೆಯದಕ್ಕೆ ಕೊಡುತ್ತದೆ, ಹೀಗೆ ನಾಲ್ಕನೆಯದನ್ನು ದಾಟಿ ಹೊರಬರುವ ಪದಗಳೆಲ್ಲ ನಿಮಗೆ ಬೇಕಾದವೇ. ಕನಿಷ್ಠ ಉದ್ದವನ್ನೂ ಹೇಳಬೇಕೆಂದರೆ ಹದಿನಾಲ್ಕು ಚುಕ್ಕೆಗಳನ್ನು ಒತ್ತಾಗಿ ಬರೆದ ಐದನೆಯ ಗ್ರೆಪ್ ಸೇರಿಸಿ. ಚುಕ್ಕೆಯೆಂದರೆ ಯಾವುದಾದರೂ ಒಂದು ಅಕ್ಷರ ಎಂದರ್ಥ. ದೊಡ್ಡಕ್ಷರ, ಸಣ್ಣಕ್ಷರಗಳ ಭೇದವನ್ನು ಕಡೆಗಣಿಸಲು ಪ್ರತಿ ಗ್ರೆಪ್‌ಗೂ ಅಡ್ಡಗೆರೆ ಮತ್ತು ಐ ಸೇರಿಸಬೇಕು. ಈ ಕಡತದಲ್ಲಿ ಷಷ್ಠಿ ವಿಭಕ್ತಿಯ ಅಪಾಸ್ಟ್ರಫಿ ಮತ್ತು ಎಸ್ ಹೊತ್ತ ರೂಪಗಳೂ ಇರುತ್ತವೆ. ಅವನ್ನು ತೆಗೆಯದಿದ್ದರೆ ಅಪಾಸ್ಟ್ರಫಿಯೂ ಒಂದು ಅಕ್ಷರವಾಗಿ ಲೆಕ್ಕಕ್ಕೆ ಸೇರಿಬಿಡುತ್ತದೆ.

ಇದಕ್ಕಿಂತ ದೊಡ್ಡ ಪಟ್ಟಿ ಬೇಕಾದರೆ ಮ್ಯಾಕ್ ಮತ್ತು ಬಿಎಸ್‌ಡಿ ಗಣಕಗಳ ಜೊತೆ ಬರುವ ವೆಬ್-2 ಎಂಬ ಕಡತವನ್ನು ಯಾರಿಂದಲಾದರೂ ಪೆನ್‌ಡ್ರೈವಿನಲ್ಲಿ ತರಿಸಿಕೊಳ್ಳಿ. 1934ರ ವೆಬ್‌ಸ್ಟರ್ ಅಂತಾರಾಷ್ಟ್ರೀಯ ನಿಘಂಟಿನ ಎರಡನೆಯ ಆವೃತ್ತಿಯಿಂದ ತಯಾರಾದ ಅದರಲ್ಲಿ ಸುಮಾರು 2,35,000 ಪದಗಳಿವೆ. ಅದರ ಅತ್ಯಂತ ಉದ್ದನೆಯ ಪದಗಳು ಐದು, ಒಂದೊಂದೂ 24 ಅಕ್ಷರಗಳದು. ಅವುಗಳಲ್ಲಿ ಫಾರ್ಮಾಲ್ಡಿಹೈಡ್‌ಸಲ್ಫಾಕ್ಸಿಲೇಟ್, ಪ್ಯಾಥಲಾಜಿಕೋಸೈಕಲಾಜಿಕಲ್ ಮತ್ತು ಥೈರೋಪ್ಯಾರಾಥೈರಾಯ್ಡೆಕ್ಟಮೈಜ್ ಎಂಬ ಮೂರರಲ್ಲಿ ನಿಮ್ಮ ನಾಲ್ಕೂ ಅಕ್ಷರಗಳಿವೆ. ಸೈಂಟಿಫಿಕೋಫಿಲಸಾಫಿಕಲ್ ಮತ್ತು ಟೆಟ್ರಾಅಯೊಡೋಫೀನಾಲ್ಫ್ಥಲೀನ್ ಎಂಬ ಉಳಿದೆರಡರಲ್ಲಿ ವೈ ಇಲ್ಲ. ನಿಘಂಟುಪ್ರೀತಿಯವರು ಗ್ರೀಕ್ ಮೂಲದ ಬಗ್ಗೆ ಹೇಳಿದ್ದಕ್ಕೆ ಇದು ಒಳ್ಳೆಯ ಪುರಾವೆ. ಆದರೆ ಆ ಪಟ್ಟಿಯ ಮಿತಿಗಳನ್ನೂ ತಿಳಿದಿರಬೇಕು: ಬಹುವಚನಗಳೂ ಭೂತಕಾಲದ ರೂಪಗಳೂ ಅದರಲ್ಲಿ ಬಹುಮಟ್ಟಿಗೆ ಇಲ್ಲ, ಮತ್ತು 1934ರ ನಂತರ ಹುಟ್ಟಿದ ಟ್ರಾನ್ಸಿಸ್ಟರ್‌ನಂತಹ ಪದಗಳಿಗೆ ಅಲ್ಲಿ ಜಾಗವಿಲ್ಲ.

ತೀರ್ಪುಗಾರ ಬರೆದ ಉತ್ತರ

ಪಟ್ಟಿಯಲ್ಲಿ ಇದೆಯೆಂಬ ಒಂದೇ ಕಾರಣಕ್ಕೆ ಥೈರೋಪ್ಯಾರಾಥೈರಾಯ್ಡೆಕ್ಟಮೈಜ್‌ನಂತಹ ಪದವನ್ನು ಶಾಲೆಯ ಸ್ಪರ್ಧೆಯಲ್ಲಿ ಒಪ್ಪುವುದನ್ನು ನಾನು ಒಪ್ಪಲಾರೆ. ಯಾವ ನಿಘಂಟು ಪ್ರಮಾಣ ಎಂಬುದನ್ನು ಅಕ್ಷರಗಳನ್ನು ಕೊಡುವ ದಿನವೇ ಹಲಗೆಯ ಮೇಲೆ ಬರೆಯಬೇಕು, ಮತ್ತು ಪದ ತಂದ ವಿದ್ಯಾರ್ಥಿ ಅದರ ಅರ್ಥವನ್ನು ಕನ್ನಡದಲ್ಲಿ ಒಂದು ವಾಕ್ಯದಲ್ಲಿ ಹೇಳಬೇಕು.

ಕಾಗುಣಿತದ ವಿಷಯವೂ ನಿರ್ಧಾರವಾಗಬೇಕು. ನಮ್ಮ ಪಠ್ಯಪುಸ್ತಕಗಳಲ್ಲಿ ಬ್ರಿಟಿಷ್ ಕಾಗುಣಿತವಿದೆ. ಹಾಗಾಗಿ ಜೆಡ್ ಅಕ್ಷರವನ್ನು ಕೊಟ್ಟ ವಾರ ರಿಯಲೈಸೇಷನ್, ಆರ್ಗನೈಸೇಷನ್ ಮುಂತಾದ ನೂರಾರು ಉದ್ದನೆಯ ಪದಗಳು ಎಸ್ ಇರುವ ರೂಪದಲ್ಲಿ ಸೋಲುತ್ತವೆ, ಜೆಡ್ ಇರುವ ರೂಪದಲ್ಲಿ ಗೆಲ್ಲುತ್ತವೆ. ಆಕ್ಸ್‌ಫರ್ಡ್ ನಿಘಂಟುಗಳು ಬ್ರಿಟನ್ನಿನವೇ ಆದರೂ ಇಂಥ ಪದಗಳಲ್ಲಿ ಜೆಡ್ ರೂಪಕ್ಕೆ ಮೊದಲ ಸ್ಥಾನ ಕೊಡುತ್ತವೆ, ಆದ್ದರಿಂದ ಎರಡನ್ನೂ ಒಪ್ಪುವುದು ನ್ಯಾಯ. ಅಮೆರಿಕದ ಪದಪಟ್ಟಿಯನ್ನಷ್ಟೇ ನೋಡಿ ಮಗುವಿನ ಉತ್ತರವನ್ನು ತಳ್ಳಿಹಾಕುವಂತಾಗಬಾರದು.

ಹಲಗೆಬರಹ ಮತ್ತೆ ಬರೆದದ್ದು

ಮೂವರಿಗೂ ಮನಃಪೂರ್ವಕ ಕೃತಜ್ಞತೆಗಳು. ತುಂಡುಗಳ ಪಟ್ಟಿಯನ್ನು ಹಲಗೆಯ ಮೇಲೆ ಬರೆದ ದಿನವೇ ಹುಡುಗಿಯೊಬ್ಬಳು ವಿಜ್ಞಾನ ಪುಸ್ತಕದ ಹೈಪೋಥಲಾಮಸ್ ಪದವನ್ನು ಹಿಡಿದು ಬಂದಳು, ಸಂಜೆಯ ಹೊತ್ತಿಗೆ ಅದೇ ತರಗತಿಯಿಂದ ಸಿಂಪಥೆಟಿಕಲಿ ಬಂತು. ಆಮ್ಲ ಮತ್ತು ಪ್ರತ್ಯಾಮ್ಲಗಳ ಪಾಠದ ಫೀನಾಲ್ಫ್ಥಲೀನ್ ತಂದವನಿಗೆ ಅದರಲ್ಲಿ ಮೂರು ಎಚ್ ಇದ್ದರೂ ವೈ ಇಲ್ಲವೆಂದು ತಿಳಿದು ತುಂಬಾ ಬೇಸರವಾಯಿತು. ಅರ್ಥ ಹೇಳಬೇಕೆಂಬ ನಿಯಮವನ್ನೂ ಸೇರಿಸಿದ್ದೇನೆ.

ಮುಂದಿನ ವಾರಕ್ಕೆ ಕೆ, ಡಬ್ಲ್ಯೂ, ಡಿ, ಜಿ ಎಂದು ಯೋಚಿಸಿದ್ದೇನೆ. ಆದರೆ ನಾನು ಎಷ್ಟು ಪ್ರಯತ್ನಿಸಿದರೂ ಗ್ರೀಕ್ ತುಂಡುಗಳು ಇಲ್ಲಿ ಕೆಲಸಕ್ಕೆ ಬರುತ್ತಿಲ್ಲ. ಇಂಥ ಅಕ್ಷರಗಳಿಗೆ ಬೇರೆ ದಾರಿ ಇದೆಯೇ? ಇನ್ನೊಂದು ಸಂದೇಹ: ಉದ್ದವೊಂದನ್ನೇ ಅಳತೆಯಾಗಿ ಇಟ್ಟುಕೊಂಡರೆ ಎಲ್ಲರೂ ಕೊನೆಗೆ ಪ್ರತ್ಯಯ ಅಂಟಿಸುವುದರಲ್ಲೇ ನಿಲ್ಲುತ್ತಾರೆ. ಬೇರೆ ಅಳತೆ ಏನಿರಬಹುದು?

ನಿಘಂಟುಪ್ರೀತಿ ಬರೆದ ಉತ್ತರ

ಕೆ ಮತ್ತು ಡಬ್ಲ್ಯೂ ಕೊಟ್ಟಾಗ ಗ್ರೀಕ್, ಲ್ಯಾಟಿನ್ ಎರಡನ್ನೂ ಬದಿಗಿಡಬೇಕು. ಲ್ಯಾಟಿನ್ ಬರಹದಲ್ಲಿ ಕೆ ಬಹಳ ಅಪರೂಪ, ಡಬ್ಲ್ಯೂ ಎಂಬ ಅಕ್ಷರವೇ ಇರಲಿಲ್ಲ. ಇವು ಇಂಗ್ಲಿಷಿನ ಸ್ವಂತ ಜರ್ಮ್ಯಾನಿಕ್ ಪದಗಳಲ್ಲಿ ಬರುವ ಅಕ್ಷರಗಳು, ಮತ್ತು ಆ ಪದಗಳು ಮೂಲದಲ್ಲಿ ಚಿಕ್ಕವು: ವರ್ಕ್, ವಾಕ್, ನೋ, ವೀಕ್. ಅವು ಉದ್ದವಾಗುವುದು ಒಂದರ ಪಕ್ಕ ಇನ್ನೊಂದನ್ನು ಇಡುವುದರಿಂದ, ಇಲ್ಲವೇ ನೆಸ್, ಶಿಪ್, ವರ್ಡ್, ಲೆಸ್, ಫುಲ್ ಎಂಬ ಪ್ರತ್ಯಯಗಳಿಂದ. ವರ್ಕ್‌ಮನ್‌ಶಿಪ್ ಹಾಗೆ ಹನ್ನೊಂದು ಅಕ್ಷರಗಳಿಗೆ ಬೆಳೆದಿದೆ. ಸ್ಟ್ರೇಟ್‌ಫಾರ್ವರ್ಡ್‌ನೆಸ್ ಹತ್ತೊಂಬತ್ತಕ್ಕೆ ತಲುಪಿದೆ, ಆದರೆ ಅದರಲ್ಲಿ ಕೆ ಇಲ್ಲ. ನಿಮ್ಮ ನಾಲ್ಕು ಅಕ್ಷರಗಳಿಗೆ ನಾಲೆಜ್ ಎಂಬ ಪದದ ಕುಟುಂಬವೇ ದಾರಿ: ಹದಿಮೂರು ಅಕ್ಷರಗಳ ನಾಲೆಜಬಲ್, ಹದಿನಾಲ್ಕರ ಅನ್‌ಅಕ್ನಾಲೆಜ್ಡ್, ಹದಿನೈದರ ಅಕ್ನಾಲೆಜ್‌ಮೆಂಟ್. ಕೊನೆಯದು ಅಮೆರಿಕದ ಕಾಗುಣಿತದಲ್ಲಿ ಜಿ ಅಕ್ಷರದ ನಂತರದ ಇ ಕಳೆದುಕೊಂಡು ಹದಿನಾಲ್ಕೇ ಆಗುತ್ತದೆ, ಆದ್ದರಿಂದ ತೀರ್ಪುಗಾರರ ಮಾತು ಇಲ್ಲಿಯೂ ಅನ್ವಯಿಸುತ್ತದೆ.

ಜೆ, ಕ್ಯೂ, ಎಕ್ಸ್ ಕೊಡುವ ವಾರಗಳಲ್ಲಿ ಲ್ಯಾಟಿನ್ ಕಡೆ ತಿರುಗಬೇಕು. ಜೆ ಮತ್ತು ಎಕ್ಸ್ ಎರಡೂ ಇರುವ ಪದಗಳು ತೀರಾ ಕಡಿಮೆ, ಆದರೆ ಅವುಗಳಲ್ಲಿ ಹದಿಮೂರು ಅಕ್ಷರಗಳ ಜಕ್ಸ್ಟಪೊಸಿಷನ್ ಎಂಬ ಸೊಗಸಾದ ಪದವಿದೆ. ಕ್ಯೂ ಮತ್ತು ಎಕ್ಸ್ ಇದ್ದರೆ ಎಕ್ಸ್ಕ್ವಿಸಿಟ್‌ನೆಸ್, ಅದೂ ಹದಿಮೂರು.

ಅಳತೆಯ ಬಗ್ಗೆ ನಿಮ್ಮ ಸಂದೇಹ ಸರಿಯಾಗಿದೆ. ಉದ್ದನೆಯ ಪದದಲ್ಲಿ ಅಕ್ಷರವೈವಿಧ್ಯ ಇರಲೇಬೇಕೆಂದಿಲ್ಲ. ಅತ್ಯಂತ ಉದ್ದದ ಪದವೆಂದು ಎಲ್ಲರೂ ಹೇಳುವ, 1935ರಲ್ಲಿ ಅಮೆರಿಕದ ಒಗಟುಗಾರರ ಸಂಘದ ಅಧ್ಯಕ್ಷರು ಬೇಕೆಂದೇ ಕಟ್ಟಿದ, ಬೂದಿಯ ದೂಳಿನಿಂದ ಬರುವ ಶ್ವಾಸಕೋಶದ ರೋಗದ ಹೆಸರಿನಲ್ಲಿ 45 ಅಕ್ಷರಗಳಿವೆ. ಆದರೂ ಅದರಲ್ಲಿ ಬಳಕೆಯಾಗಿರುವುದು 14 ಬಗೆಯ ಅಕ್ಷರಗಳು ಮಾತ್ರ, ನಿಮ್ಮ ನಾಲ್ಕರಲ್ಲಿ ಎಚ್ ಮತ್ತು ವೈ ಅದರಲ್ಲಿ ಇಲ್ಲವೇ ಇಲ್ಲ. ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಷನ್ 29 ಅಕ್ಷರಗಳದು, ಬಗೆಗಳು 11. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ಇ ಅಕ್ಷರವೇ ಅದರಲ್ಲಿಲ್ಲ. ಇವಕ್ಕೆ ಎದುರಾಗಿ ಹಕ್ಕುಸ್ವಾಮ್ಯಕ್ಕೆ ಒಳಪಡಿಸಲಾಗದ ಎಂಬರ್ಥದ ಅನ್‌ಕಾಪಿರೈಟಬಲ್ ಮತ್ತು ಬೆರಳಚ್ಚುಗಳ ಅಧ್ಯಯನವಾದ ಡರ್ಮಟೋಗ್ಲಿಫಿಕ್ಸ್ ಎಂಬ ಎರಡು ಪದಗಳನ್ನು ಇಟ್ಟು ನೋಡಿ. ಎರಡರಲ್ಲಿಯೂ ಹದಿನೈದು ಅಕ್ಷರಗಳು, ಹದಿನೈದೂ ಬೇರೆ ಬೇರೆ, ಮತ್ತು ಎರಡರಲ್ಲಿಯೂ ನಿಮ್ಮ ಎಚ್, ವೈ, ಪಿ, ಟಿ ಇವೆ. ಪದದಲ್ಲಿ ಎಷ್ಟು ಬಗೆಯ ಅಕ್ಷರಗಳಿವೆಯೋ ಅಷ್ಟು ಅಂಕ ಎಂದು ನಿಗದಿ ಮಾಡಿದರೆ ಇಪ್ಪತ್ತೇಳು ಅಕ್ಷರಗಳ ಎಲೆಕ್ಟ್ರೋಎನ್ಸೆಫಲೋಗ್ರಾಫಿಕಲಿಗೆ 13 ಅಂಕ, ಹದಿನಾರರ ಫೋಟೋಗ್ರಾಫಿಕಲಿಗೆ 11, ಅನ್‌ಕಾಪಿರೈಟಬಲ್‌ಗೆ ಪೂರ್ತಿ 15. ಕಲಿ ಎಂಬ ಪ್ರತ್ಯಯವನ್ನು ಅಂಟಿಸಿದರೆ ಉದ್ದ ಬೆಳೆಯುತ್ತದೆ, ಅಂಕ ಅಷ್ಟಾಗಿ ಬೆಳೆಯುವುದಿಲ್ಲ.

ಪೈಪು_ಗೆರೆ ಬರೆದ ಉತ್ತರ

ಬಗೆಗಳನ್ನು ಎಣಿಸುವ ಅಳತೆ ಗಣಕಕ್ಕೂ ಬಹಳ ಅನುಕೂಲ. ಪ್ರತಿ ಪದಕ್ಕೂ 26 ಬಿಟ್‌ಗಳ ಒಂದು ಸಂಖ್ಯೆಯನ್ನು ಕೊಡಿ: ಎ ಇದ್ದರೆ ಮೊದಲ ಬಿಟ್ 1, ಬಿ ಇದ್ದರೆ ಎರಡನೆಯ ಬಿಟ್ 1, ಹೀಗೆ ಜೆಡ್‌ವರೆಗೆ. ಆಗ ಆ ಸಂಖ್ಯೆಯಲ್ಲಿರುವ ಒಂದುಗಳ ಲೆಕ್ಕವೇ ಅಂಕ. ಕೊಟ್ಟ ನಾಲ್ಕು ಅಕ್ಷರಗಳಿಗೂ ಅಂಥದೇ ಸಂಖ್ಯೆ ಮಾಡಿಕೊಂಡು ಪದದ ಸಂಖ್ಯೆಯೊಡನೆ ಆಂಡ್ ಕ್ರಿಯೆ, ಅಂದರೆ ಎರಡರಲ್ಲಿಯೂ 1 ಇರುವ ಬಿಟ್‌ಗಳನ್ನಷ್ಟೇ 1 ಆಗಿ ಉಳಿಸುವ ಕ್ರಿಯೆ ನಡೆಸಿ. ಬಂದ ಉತ್ತರ ಆ ನಾಲ್ಕರ ಸಂಖ್ಯೆಗೇ ಸಮವಾದರೆ ನಾಲ್ಕೂ ಅಕ್ಷರಗಳು ಪದದಲ್ಲಿವೆ ಎಂದರ್ಥ. ಪೈಥಾನ್ ಕಲಿಯುತ್ತಿರುವ ಮಕ್ಕಳಿದ್ದರೆ ಹತ್ತು ಸಾಲುಗಳೊಳಗೆ ಬರೆಯಬಲ್ಲರು, ಮತ್ತು ಎರಡು ಲಕ್ಷ ಪದಗಳ ಪಟ್ಟಿಯನ್ನು ಹಳೆಯ ಗಣಕವೂ ಕೆಲವೇ ಕ್ಷಣಗಳಲ್ಲಿ ಜಾಲಾಡಿ ಮುಗಿಸುತ್ತದೆ.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ಮುಂದೊಂದು ವಾರ ನೀವು ಒಂದೇ ಅಕ್ಷರವನ್ನು ಎರಡು ಸಲ ಕೊಟ್ಟರೆ, ಉದಾಹರಣೆಗೆ ಎರಡು ಪಿ ಇರಲೇಬೇಕೆಂದರೆ, ಈ ವಿಧಾನ ಸಾಲದು. ಬಿಟ್ ಇದೆ ಅಥವಾ ಇಲ್ಲ ಎಂದಷ್ಟೇ ಹೇಳುತ್ತದೆ, ಎಷ್ಟು ಸಲ ಎಂದು ಹೇಳುವುದಿಲ್ಲ. ಆಗ ಪ್ರತಿ ಅಕ್ಷರದ ಎಣಿಕೆಯನ್ನು ಪ್ರತ್ಯೇಕವಾಗಿ ಇಟ್ಟುಕೊಂಡು ಹೋಲಿಸಬೇಕು. ಗ್ರೆಪ್‌ನಲ್ಲಿಯೇ ಮಾಡುವುದಾದರೆ ಪಿ, ಅದರ ಮುಂದೆ ಚುಕ್ಕೆ ಮತ್ತು ನಕ್ಷತ್ರ, ಮತ್ತೆ ಪಿ ಎಂದು ಬರೆದರೆ ಸಾಕು. ನಡುವೆ ಏನಿದ್ದರೂ ಎರಡು ಪಿ ಇರುವ ಪದಗಳೆಲ್ಲ ಬರುತ್ತವೆ, ಫೀನಾಲ್ಫ್ಥಲೀನ್ ಕೂಡ.